ಹದಿನೇಳನೇ ಬೋರಿನ ಒಂದು ಮೊಳ

ಪೆಟ್ಟಿಗೆ ಅಕ್ಕನಿಗೆ ಕೋಪವೇ ಬರುವುದಿಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಬೆಳಿಗ್ಗೆ ಶೆಡ್ಡಿನ ಬೀಗ ತೆಗೆಯುವಾಗ ಬೀಗದ ಮೇಲೆ ಕೋಪ, ಮಧ್ಯಾಹ್ನ ತಗಡು ಕಾದಾಗ ತಗಡಿನ ಮೇಲೆ ಕೋಪ, ಸಂಜೆ ಬೀಗ ಹಾಕುವಾಗ ಮತ್ತೆ ಅದೇ ಬೀಗದ ಮೇಲೆ ಕೋಪ. ಇವೆಲ್ಲ ಸಣ್ಣಪುಟ್ಟ ಕೋಪಗಳು, ಊಟದ ಹೊತ್ತಿಗೆ ಇಳಿದುಹೋಗುವಂಥವು. ಇಲ್ಲಿ ಹೇಳಹೊರಟಿರುವುದು ಅವಳ ಐವತ್ತೆಂಟು ವರ್ಷದ ಬಾಳಿನಲ್ಲಿ ಒಂದೇ ಸಲ ಬಂದ ದೊಡ್ಡ ಕೋಪದ ಕಥೆ. ಅದರಲ್ಲೂ ಅರ್ಧ ಪಾಲು ತನ್ನ ಮೇಲೆಯೇ ಬಂದದ್ದು.

ಅಕ್ಕನ ಶೆಡ್ಡು ಗಣಿಯ ಗೇಟಿನ ಒಳಗೆ, ಎಡಗಡೆಗೆ. ಉದ್ದನೆಯ ತಗಡಿನ ಕಟ್ಟಡ. ಎರಡೂ ಬದಿಗೆ ನೆಲದಿಂದ ಮಾಡಿನವರೆಗೆ ಕಬ್ಬಿಣದ ಚೌಕಟ್ಟು, ಅದರ ತುಂಬ ಮರದ ಪೆಟ್ಟಿಗೆಗಳು, ಒಟ್ಟು ನಾಲ್ಕು ಸಾವಿರ ಚಿಲ್ಲರೆ. ಪೆಟ್ಟಿಗೆಯೊಳಗೆ ಇರುವುದು ಬರೀ ಕಲ್ಲು. “ಕಲ್ಲು ಕಾಯೋದಕ್ಕೂ ಸಂಬಳ ಕೊಡ್ತಾರಾ?” ಎಂದು ನೆಂಟರು ನಕ್ಕರೆ ಅಕ್ಕ, “ಮನುಷ್ಯರನ್ನ ಕಾಯೋದಕ್ಕಿಂತ ವಾಸಿ. ಇಟ್ಟಲ್ಲೇ ಇರ್ತವೆ, ಇದ್ದದ್ದೇ ಹೇಳ್ತವೆ,” ಎನ್ನುತ್ತಿದ್ದಳು.

ಅದು ಯುರೇನಿಯಂ ಗಣಿ. ನೆಲದಡಿ ಅದಿರು ಎಲ್ಲಿದೆ, ಎಷ್ಟಿದೆ ಎಂದು ತಿಳಿಯಲು ಬೋರು ಹಾಕುತ್ತಾರೆ. ಟೊಳ್ಳು ಕೊಳವೆ ಕಲ್ಲನ್ನು ಕೊರೆಯುತ್ತ ಇಳಿದು, ಒಳಗೆ ಸಿಕ್ಕ ಕಲ್ಲನ್ನು ಲಟ್ಟಣಿಗೆಯಷ್ಟು ದಪ್ಪದ ಕೋಲುಗಳಾಗಿ ಮೇಲೆ ತರುತ್ತದೆ. ಪ್ರತಿ ಕೋಲನ್ನೂ ಉದ್ದಕ್ಕೆ ಸೀಳಿ ಎರಡು ಮಾಡುತ್ತಾರೆ. ಒಂದು ಸೀಳು ಪರೀಕ್ಷೆಗೆ ಹೋಗಿ ಪುಡಿಯಾಗುತ್ತದೆ. ಇನ್ನೊಂದು ಸೀಳು ಪೆಟ್ಟಿಗೆ ಸೇರುತ್ತದೆ, ನೆಲದೊಳಗೆ ಯಾವ ಆಳದಲ್ಲಿತ್ತೋ ಅದೇ ಕ್ರಮದಲ್ಲಿ. ಪರೀಕ್ಷೆಯ ಕಾಗದದ ಮೇಲೆ ಯಾರಿಗಾದರೂ ಅನುಮಾನ ಬಂದರೆ ಪೆಟ್ಟಿಗೆ ತೆರೆದು ನೋಡಬೇಕು. ಆ ಉಳಿದ ಅರ್ಧವೇ ಸಾಕ್ಷಿ.

ಅಕ್ಕನ ಗಂಡ ಬೋರು ಹಾಕುವವನಾಗಿದ್ದ. ಹೆಚ್ಚು ಕಲ್ಲು ಮೇಲೆ ತಂದವನಿಗೆ ಶಹಭಾಸ್‌ಗಿರಿ, ಕಡಿಮೆ ತಂದವನಿಗೆ ಬೈಗುಳ, ಇದು ಆ ಕೆಲಸದ ರೀತಿ. ಕೆಲವು ಕಡೆ ನೆಲದೊಳಗಿನ ಕಲ್ಲು ಸೀಳುಬಿಟ್ಟು ಸಡಿಲವಾಗಿರುತ್ತದೆ. ಕೊರೆಯುವಾಗ ಪುಡಿಯಾಗಿ ನೀರಿನ ಜೊತೆ ಹೋಗಿಬಿಡುತ್ತದೆ, ಕೊಳವೆಯಲ್ಲಿ ಏನೂ ಬರುವುದಿಲ್ಲ. ಆಗ ಪೆಟ್ಟಿಗೆಯಲ್ಲಿ ಅಷ್ಟುದ್ದ ಜಾಗವನ್ನು ಖಾಲಿ ಬಿಟ್ಟು, ಅಲ್ಲೊಂದು ಮರದ ತುಂಡು ಇಟ್ಟು, ಅದರ ಮೇಲೆ ಬರೆಯಬೇಕು. ಬರೆಯಬೇಕು ಎನ್ನುವುದು ಪುಸ್ತಕದ ಮಾತು. ಬಹಳ ಜನ ಬೈಗುಳ ತಪ್ಪಿಸಿಕೊಳ್ಳಲು ಆಚೀಚೆಯ ಎರಡು ಕಲ್ಲು ತಂದು ಆ ಜಾಗ ತುಂಬಿಬಿಡುತ್ತಿದ್ದರು.

ಅಕ್ಕನ ಗಂಡ ತುಂಬಲಿಲ್ಲ. ಹದಿನೇಳನೇ ಬೋರಿನಲ್ಲಿ, ನೂರಹನ್ನೆರಡನೇ ಮೀಟರಿನಲ್ಲಿ, ಇಡೀ ಗಣಿಯಲ್ಲೇ ಒಳ್ಳೆಯದು ಎನ್ನುವ ಕಪ್ಪು ಅದಿರಿನ ನಟ್ಟನಡುವೆ ಒಂದು ಮೊಳ ಕಲ್ಲು ಸಿಗಲಿಲ್ಲ. ಅವನು ಒಂದು ಮೊಳ ಜಾಗ ಬಿಟ್ಟು ಮರದ ತುಂಡಿನ ಮೇಲೆ ಪೆನ್ಸಿಲಿನಲ್ಲಿ, “ಇಲ್ಲಿ ಕಲ್ಲು ಇಲ್ಲ. ಪುಡಿಯಾಗಿ ನೀರಲ್ಲಿ ಹೋಯಿತು,” ಎಂದು ಬರೆದಿಟ್ಟ.

ಮೇಸ್ತ್ರಿ ಕೂಗಾಡಿದ್ದ. “ಒಂದು ಹಿಡಿ ಕಲ್ಲು ತುಂಬಿದ್ರೆ ನಿನ್ನ ಗಂಟೇನು ಹೋಗ್ತಿತ್ತು?”

“ನನ್ನ ಗಂಟಲ್ಲ ಮೇಸ್ತ್ರಿ. ಇಲ್ಲಿ ಗಟ್ಟಿ ಅಂತ ನಂಬ್ಕೊಂಡು ಕೆಳಗಿಳಿಯೋನ ತಲೆ ಹೋಗತ್ತೆ.”

ಶೆಡ್ಡಿಗೆ ಇನ್ನೊಂದು ಕಟ್ಟಳೆ ತಂದವನೂ ಅವನೇ. ಪೆಟ್ಟಿಗೆಯೊಳಗಿನ ಕಲ್ಲನ್ನು ಯಾರು ಅಲುಗಿಸಿದರೂ, ಸಾಹೇಬನಾಗಲಿ ಕಸ ಗುಡಿಸುವವಳಾಗಲಿ, ಮುಚ್ಚಳದ ಒಳಮೈಗೆ ತಾರೀಕು, ಹೆಸರು, ಕಾರಣ ಬರೆಯಬೇಕು. ಆಗ ಶೆಡ್ಡಿನ ಕಸ ಗುಡಿಸುತ್ತಿದ್ದವಳು ಅಕ್ಕನೇ. ಅಕ್ಷರ ಕಲಿತದ್ದು ಆ ಮುಚ್ಚಳಗಳಿಂದ. ಹತ್ತು ವರ್ಷದಲ್ಲಿ ಗುಡಿಸುವವಳು ಕಾಯುವವಳಾದಳು.

ಆಮೇಲೆ ಎಲ್ಲೋ ದೂರದಲ್ಲಿ, ಯಾರದೋ ಅಣು ಸ್ಥಾವರದಲ್ಲಿ ಏನೋ ಆಯಿತು. ಜಗತ್ತು ಹೆದರಿತು, ಯುರೇನಿಯಂ ಬೆಲೆ ನೆಲಕಚ್ಚಿತು, ಇಲ್ಲಿ ಗಣಿ ಮುಚ್ಚಿ ಆರುನೂರು ಮಂದಿಯ ಕೆಲಸ ಹೋಯಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರು ಎನ್ನುವುದು ಇದಕ್ಕೇ. ಗಂಡ ಐದು ವರ್ಷ ಕೆಮ್ಮಿ ತೀರಿಕೊಂಡ. ಜೀವಮಾನದಲ್ಲಿ ಸಿಗರೇಟು ಮುಟ್ಟದವನ ಸಾವಿನ ಕಾಗದದಲ್ಲಿ ಕಂಪನಿ ವೈದ್ಯರು “ಧೂಮಪಾನ” ಎಂದು ಬರೆದರು. ಅಲ್ಲಿಗೂ ಒಂದು ಮುಚ್ಚಳ ಇದ್ದಿದ್ದರೆ ಅಕ್ಕ ಅದರ ಮೇಲೆ ಬರೆಯುತ್ತಿದ್ದಳು. ಇರಲಿಲ್ಲ.

ಹತ್ತೊಂಬತ್ತು ವರ್ಷದಲ್ಲಿ ಗಣಿ ಮೂರು ಕೈ ಬದಲಾಯಿತು. ಪ್ರತಿ ಸಲ ಗೇಟಿನ ಬೋರ್ಡಿಗೆ ಹೊಸ ಬಣ್ಣ, ಪ್ರತಿ ಸಲ “ಇನ್ನೇನು ತೆರೀತೀವಿ.” ಉಳಿದದ್ದು ಇಬ್ಬರ ಕೆಲಸ ಮಾತ್ರ. ಒಂದು ಅಕ್ಕನದು. ಇನ್ನೊಂದು ಅವಳ ತಮ್ಮನದು. ಗಣಿಗೆ ನೀರು ತುಂಬಿಕೊಂಡರೆ ಮತ್ತೆ ತೆರೆಯುವ ಮಾತೇ ಇಲ್ಲ. ಹಾಗಾಗಿ ಒಂದು ಪಂಪು ಹಗಲಿರುಳು ನೀರೆತ್ತುತ್ತಲೇ ಇರಬೇಕು. ಆ ಪಂಪು ನೋಡಿಕೊಳ್ಳುವವನು ತಮ್ಮ, ದಿನಾ ಸಂಜೆ ಐದಕ್ಕೆ ಅದಕ್ಕೆ ಎಣ್ಣೆ ಬಿಡುವವನೂ ಅವನೇ. ತಾಯಿಯಿಲ್ಲದ ಅವನನ್ನು ಸಾಕಿದವಳು ಅಕ್ಕ. ಈಗ ಅವನಿಗೆ ಇಬ್ಬರು ಹೆಣ್ಣುಮಕ್ಕಳು, ಅರ್ಧ ಸಂಬಳ, ನಲವತ್ತೈದು ವಯಸ್ಸು. ಪಂಪಿನ ಸದ್ದು ಊರಿನ ಕೊನೆಯ ಬೀದಿಗೂ ಕೇಳುತ್ತಿತ್ತು. ಆ ಸದ್ದು ಇರುವವರೆಗೆ ಊರಿಗೆ ಒಂದು ಆಸೆ.

ಆ ವರ್ಷ ಆಸೆಗೆ ನಿಜವಾಗಿಯೇ ರೆಕ್ಕೆ ಬಂತು. ಜಗತ್ತಿಗೆ ಹೊಗೆಯಿಲ್ಲದ ಕರೆಂಟು ಬೇಕಾಯಿತಂತೆ. ಹೊಸ ಸ್ಥಾವರಗಳು ಏಳುತ್ತಿವೆಯಂತೆ, ಹಳೇ ದಾಸ್ತಾನು ಮುಗಿಯುತ್ತ ಬಂದಿದೆಯಂತೆ, ಇನ್ನು ಹತ್ತು ವರ್ಷದಲ್ಲಿ ಇಂಧನಕ್ಕೆ ಕಿತ್ತಾಟವಂತೆ. ಈ ಅಂತೆಕಂತೆ ಹೊತ್ತುಕೊಂಡು ಹೊಸ ಮಾಲೀಕರ ಕಡೆಯಿಂದ ಒಬ್ಬ ಮ್ಯಾನೇಜರು ಬಂದ. ರಸ್ತೆ ಕೇಳಿದರೆ “ಆಗೇಬಿಡ್ತು,” ಆಸ್ಪತ್ರೆ ಕೇಳಿದರೆ “ಆಗೇಬಿಡ್ತು,” ಕೆಲಸ ಕೇಳಿದರೆ “ಆಗೇಬಿಡ್ತು.” ಊರಿನವರು ಅವನಿಗೆ ಆಗೇಬಿಡ್ತು ಸಾಹೇಬ ಎಂದೇ ಹೆಸರಿಟ್ಟರು. ಕೆಲಸಕ್ಕೆ ಸೇರಿಸಿಕೊಳ್ಳುವವರ ಪಟ್ಟಿ ಮಾಡಿ ಗೇಟಿಗೆ ಅಂಟಿಸಿದ. ಕೂಸು ಹುಟ್ಟುವ ಮುಂಚೆಯೇ ಕುಲಾವಿ. ಪಟ್ಟಿಯ ಮೊದಲ ಹೆಸರು ಅಕ್ಕನ ತಮ್ಮನದು.

ಅದೇ ವಾರ ತಮ್ಮನಿಗೆ ಇನ್ನೊಂದು ಕಾಗದ ಬಂದಿತ್ತು. ಬಸ್ಸಿನಲ್ಲಿ ಎಂಟು ಗಂಟೆ ದಾರಿಯ ಗಾಜಿನ ಕಾರ್ಖಾನೆ ಅವನನ್ನು ಪಂಪು ನೋಡಿಕೊಳ್ಳಲು ಕರೆದಿತ್ತು. ಪೂರ್ತಿ ಸಂಬಳ, ಇರಲು ಎರಡು ಕೋಣೆಯ ಮನೆ. ಬರುವುದಾದರೆ ಶುಕ್ರವಾರ ಸಂಜೆ ಐದರೊಳಗೆ ತಿಳಿಸಬೇಕು. ನಲವತ್ತೈದು ದಾಟಿದವರನ್ನು ಅವರು ತೆಗೆದುಕೊಳ್ಳುವುದಿಲ್ಲ, ತಮ್ಮನಿಗೆ ನಲವತ್ತಾರು ತುಂಬಲು ಎರಡು ತಿಂಗಳಿತ್ತು.

ಬುಧವಾರ ಸಾಹೇಬ ಶೆಡ್ಡಿಗೆ ಬಂದ. ಶುಕ್ರವಾರ ಹಣ ಹಾಕುವವರು ಬರುತ್ತಾರೆ, ಮೇಜಿನ ಮೇಲೆ ಒಳ್ಳೊಳ್ಳೆಯ ಪೆಟ್ಟಿಗೆ ಜೋಡಿಸಬೇಕು ಎಂದ. ಒಂದೊಂದೇ ತೆರೆದು ನೋಡುತ್ತ ಹದಿನೇಳನೇ ಬೋರಿನ ಮುಂದೆ ನಿಂತ.

“ಇದೇನಕ್ಕ, ಮಧ್ಯದಲ್ಲಿ ಹಲ್ಲು ಬಿದ್ದ ಹಾಗೆ?”

“ಅಲ್ಲಿ ಕಲ್ಲು ಸಿಗ್ಲಿಲ್ಲ ಸಾರ್. ಬರೆದಿದೆಯಲ್ಲ.”

“ಅದನ್ನ ಸ್ವಲ್ಪ ಕೂಡಿಸಿಬಿಡಿ. ಎರಡೂ ಕಡೆ ಒತ್ತಿಬಿಟ್ರೆ ಒಂದೇ ಸಮ ಕಾಣತ್ತೆ.”

“ಹಂಗೆಲ್ಲ ಮಾಡೋದಿಲ್ಲ ಸಾರ್.”

ಸಾಹೇಬ ಬೈಯಲಿಲ್ಲ. ಬೈದಿದ್ದರೆ ಅಕ್ಕ ಗೆದ್ದುಬಿಡುತ್ತಿದ್ದಳು. ಅವನು ಪೆಟ್ಟಿಗೆಯ ಅಂಚಿಗೆ ಕೈಯಿಟ್ಟು, ಮನೆಯವನ ಹಾಗೆ ದನಿ ತಗ್ಗಿಸಿ ಹೇಳಿದ, “ನೋಡಿ ಅಕ್ಕ, ಬರೋರು ಇದನ್ನ ನೋಡಿ ಒಪ್ಪಿದ್ರೆ ಗಣಿ ತೆರೀತು ಅಂತಾನೇ ಅರ್ಥ. ಮೊದಲು ಒಳಗಿಳಿಯೋನು ನಿಮ್ಮ ತಮ್ಮ. ಪೂರ್ತಿ ಸಂಬಳ. ಅವನು ಮಕ್ಕಳನ್ನ ಕಟ್ಕೊಂಡು ಎಲ್ಲೋ ದೂರ ಹೋಗೋದು ನಿಮಗಿಷ್ಟವಾ?”

ಇಷ್ಟವಿರಲಿಲ್ಲ. ಅಲ್ಲೇ ಸಿಕ್ಕಿಬಿದ್ದಳು. ಗುರುವಾರ ಮಧ್ಯಾಹ್ನ ಶೆಡ್ಡಿನ ಬಾಗಿಲು ಒಳಗಿನಿಂದ ಹಾಕಿಕೊಂಡು, ಮರದ ತುಂಡು ತೆಗೆದು ಜೇಬಿಗೆ ಹಾಕಿಕೊಂಡಳು. ಕೆಳಗಿನ ಕಲ್ಲುಗಳನ್ನು ಒಂದೊಂದಾಗಿ ಮೇಲಕ್ಕೆ ಸರಿಸಿದಳು. ಎರಡು ತುದಿ ಕೂಡಲಿಲ್ಲ. ಹೇಗೆ ಕೂಡೀತು, ನಡುವಿನ ಮೊಳವೇ ಇಲ್ಲವಲ್ಲ. ಅರ ತಂದು ಒಂದು ತುದಿಯನ್ನು ಉಜ್ಜಿದಳು. ಮೂವತ್ನಾಲ್ಕು ವರ್ಷ ಧೂಳು ಒರೆಸಿದ ಕೈ ಮೊದಲ ಸಲ ಕಲ್ಲನ್ನು ಸವೆಸಿತು. ಕೂಡಿಕೊಂಡಿತು. ಸಾಲಿನ ಕೊನೆಗೆ ಉಳಿದ ಜಾಗಕ್ಕೆ ಮುಂದಿನ ಪೆಟ್ಟಿಗೆಯ ಕಲ್ಲಿಟ್ಟಳು. ಮುಚ್ಚಳದ ಮೇಲೆ ಏನೂ ಬರೆಯಲಿಲ್ಲ.

ಸಂಜೆ ತಮ್ಮ ಕೇಳಿದ, “ಗಾಜಿನ ಕಾರ್ಖಾನೆಗೆ ಏನ್ ಹೇಳ್ಲಿ ಅಕ್ಕಾ?”

“ಇಲ್ಲೇ ಇರು. ಈ ಸಲ ತೆರೆಯತ್ತೆ. ನನ್ನ ಮಾತು ನಂಬು,” ಎಂದಳು. ತಮ್ಮ ಹುಟ್ಟಿದಾಗಿನಿಂದ ಅವಳ ಮಾತು ನಂಬದೆ ಇದ್ದವನೇ ಅಲ್ಲ.

ಶುಕ್ರವಾರ ಎರಡು ಕಾರಿನಲ್ಲಿ ಐದು ಮಂದಿ ಬಂದರು. ಅವರ ಪೈಕಿ ಮಾತೆಲ್ಲ ಬೂದು ಕೋಟು ಹಾಕಿದ್ದ ಹಿರಿಯರದು. ಸಾಹೇಬ ಶೆಡ್ಡಿನ ಗೋಡೆಗೆ ಬಿಳಿ ಬಟ್ಟೆ ಕಟ್ಟಿ ಚಿತ್ರ ಬಿಟ್ಟ. ಒಂದು ಕೆಂಪು ಗೆರೆ ಮೇಲಕ್ಕೆ ಏರುತ್ತಿತ್ತು, ಅದು ಜಗತ್ತಿಗೆ ಬೇಕಾದ ಯುರೇನಿಯಂ. ಒಂದು ನೀಲಿ ಗೆರೆ ಕೆಳಕ್ಕೆ ಬಾಗುತ್ತಿತ್ತು, ಅದು ಈಗಿರುವ ಗಣಿಗಳಿಂದ ಸಿಗುವುದು. ನಡುವಿನ ಬಾಯಿ ವರ್ಷದಿಂದ ವರ್ಷಕ್ಕೆ ಅಗಲವಾಗುತ್ತಿತ್ತು. “ಈ ಕೊರತೆಯೇ ನಮ್ಮ ಲಾಭ,” ಎಂದ ಸಾಹೇಬ. ಅಕ್ಕ ಮೇಜಿನ ಪಕ್ಕದಲ್ಲಿ ಕಿರಣ ಅಳೆಯುವ ಡಬ್ಬಿ ಹಿಡಿದು ನಿಂತಿದ್ದಳು. ಕಪ್ಪು ಕಲ್ಲಿನ ಹತ್ತಿರ ಒಯ್ದರೆ ಅದು ಕರಕರ ಎನ್ನುತ್ತಿತ್ತು. ಬಂದವರು ಆ ಸದ್ದಿಗೆ ಮಕ್ಕಳ ಹಾಗೆ ಖುಷಿಪಟ್ಟರು. ಕಲ್ಲನ್ನು ಬಗ್ಗಿ ನೋಡಿದವರು ಒಬ್ಬರೂ ಇಲ್ಲ. ಉಜ್ಜಿದ ತುದಿ ಅವರ ಮೂಗಿನ ಕೆಳಗೇ ಹೊಳೆಯುತ್ತಿತ್ತು.

ಬೂದು ಕೋಟಿನವರು ಕೇಳಿದರು, “ಹಾಗಾದ್ರೆ ಯಾವಾಗ ಅಗೆಯೋಕೆ ಶುರು ಮಾಡ್ತೀರಿ?”

ಅಕ್ಕ ಕಿವಿ ನಿಮಿರಿಸಿದಳು.

“ಅಗೆಯೋದಿಲ್ಲ ಸರ್,” ಎಂದ ಸಾಹೇಬ ನಗುತ್ತ. “ಅಗೆದ್ರೆ ಖರ್ಚು, ಕೂಲಿ, ತಕರಾರು. ನೆಲದೊಳಗಿದ್ರೆ ಬಾಡಿಗೆ ಇಲ್ಲ, ಕಾವಲಿಲ್ಲ, ಕೊಳೆಯೋದಿಲ್ಲ. ಗಣಿ ತೆರೀತೀವಿ ಅನ್ನೋ ಮಾತು ಇರ್ಬೇಕು ಅಷ್ಟೇ. ಬೆಲೆ ಏರಿದ ಹಾಗೆ ನಿಮ್ಮ ಷೇರು ತಾನಾಗೇ ಏರತ್ತೆ. ಐದು ವರ್ಷ ಬಿಟ್ಟು ಇನ್ನೊಬ್ಬರಿಗೆ ಮಾರಿಬಿಡೋದು.”

“ಪಂಪ್ ಒಂದು ಓಡ್ತಾ ಇದೆಯಲ್ಲ? ಅದರ ಖರ್ಚು?”

“ಈ ತಿಂಗಳ ಕೊನೆಗೆ ನಿಲ್ಲಿಸ್ತೀವಿ ಸರ್. ನೀರು ತುಂಬಿಕೊಂಡ್ರೆ ಯಾರೂ ಕದಿಯೋಕೂ ಆಗಲ್ಲ. ಅದಕ್ಕಿಂತ ಒಳ್ಳೇ ಬೀಗ ಬೇಕಾ?”

ಎಲ್ಲರೂ ನಕ್ಕರು. ಬೆಟ್ಟ ಅಗೆದು ಇಲಿ ಹಿಡಿದರು ಎಂದು ಗಾದೆ. ಈ ಪುಣ್ಯಾತ್ಮರು ಬೆಟ್ಟಕ್ಕೆ ಗುದ್ದಲಿಯನ್ನೇ ತಾಗಿಸದೆ ಒಳಗೆ ಹುಲಿಯಿದೆ ಎಂದು ಮಾರುತ್ತಿದ್ದರು. ಬೆಳಕಿಲ್ಲದವರ ಮನೆಗೆ ಬೆಳಕು ಎಂದು ಬಾಯಲ್ಲಿ ಹೇಳಿ, ಬೆಳಕು ಬರದಷ್ಟೂ ತಮಗೆ ಒಳ್ಳೆಯದು ಎಂದು ಲೆಕ್ಕ ಹಾಕುತ್ತಿದ್ದರು. ಅಕ್ಕನಿಗೆ ಮೈಯೆಲ್ಲ ಉರಿದುಹೋಯಿತು. ಹತ್ತೊಂಬತ್ತು ವರ್ಷ ಒಂದು ಊರಿನ ಮೂಗಿಗೆ ತುಪ್ಪ ಸವರುವುದು ಎಂದರೇನು? ಅದೂ ತನ್ನ ಕೈಯಿಂದಲೇ ಸವರಿಸುವುದು ಎಂದರೇನು? ಅವಳ ಮುಂದೆ ನಿಂತು ಇಷ್ಟನ್ನೂ ಹೇಳಿದರಲ್ಲ, ಅವಳೂ ಒಂದು ಪೆಟ್ಟಿಗೆಯೆಂಬಂತೆ!

ಅಕ್ಕ ಡಬ್ಬಿಯನ್ನು ಮೇಜಿನ ಮೇಲೆ ಕುಕ್ಕಿದಳು. ಎಲ್ಲರ ಕಣ್ಣೆದುರಿಗೇ ಹದಿನೇಳನೇ ಬೋರಿನ ಕಲ್ಲುಗಳನ್ನು ಹಿಂದಕ್ಕೆ ಸರಿಸಿ, ಒಂದು ಮೊಳ ಜಾಗ ಬಿಡಿಸಿ, ಜೇಬಿನಿಂದ ಮರದ ತುಂಡು ತೆಗೆದು ನಡುವೆ ಇಟ್ಟಳು.

“ಇಲ್ಲಿ ಕಲ್ಲಿಲ್ಲ,” ಎಂದಳು. “ನಿಮಗೆ ತೋರಿಸೋಕೆ ಅಂತ ನಿನ್ನೆ ನಾನೇ ಕೂಡಿಸಿದ್ದು. ಸಾಹೇಬರು ಹೇಳಿದ್ರು, ನಾನು ಮಾಡಿದೆ. ಇದೋ ಇಲ್ಲಿ, ಅರದಲ್ಲಿ ಉಜ್ಜಿದೀನಿ. ಇಲ್ಲಿ ನೆಲ ಸಡಿಲ. ಸುಳ್ಳು ನೋಡಿ ದುಡ್ಡು ಹಾಕ್ಬೇಡಿ.”

ಇನ್ನೇನು ಬಿರುಗಾಳಿ ಏಳುತ್ತದೆ, ಐವರೂ ಕಾರು ಹತ್ತಿ ಹೋಗುತ್ತಾರೆ, ಸಾಹೇಬ ಕಾಲು ಹಿಡಿಯುತ್ತಾನೆ ಎಂದುಕೊಂಡಳು ಅಕ್ಕ.

ಬೂದು ಕೋಟಿನವರು ಸಾಹೇಬನ ಕಡೆ ತಿರುಗಿ, “ನಿಮ್ಮ ವರದಿಯ ಅಂದಾಜಿನಲ್ಲಿ ಈ ಜಾಗ ಸೇರಿದೆಯೇನ್ರಿ?” ಎಂದರು.

“ಇಲ್ಲ ಸರ್. ಅದನ್ನ ಮೊದಲೇ ಬಿಟ್ಟಿದೀವಿ. ಇದು ಸುಮ್ನೆ, ನೋಡೋಕೆ ಚೆನ್ನಾಗಿರ್ಲಿ ಅಂತ.”

ನೋಡುವುದಕ್ಕೆ ಚೆನ್ನಾಗಿರಲಿ ಎಂದು! ಗಂಡ ಬೈಸಿಕೊಂಡು ಉಳಿಸಿದ್ದ ಒಂದು ಮೊಳ, ಅಕ್ಕ ಬೆವರುತ್ತ ಮುಚ್ಚಿದ್ದ ಒಂದು ಮೊಳ, ಮೇಜಿನ ಮೇಲಿನ ಹೂದಾನಿಯಷ್ಟೇ ಬೆಲೆಯದು. ಬೂದು ಕೋಟಿನವರ ಮುಖ ಅರಳಿತು. “ನೋಡ್ರಿ, ಎಂಥಾ ಪ್ರಾಮಾಣಿಕ ಹೆಂಗಸು! ಇಂಥವರು ಕಾಯ್ತಾ ಇದ್ರೆ ನಮಗೂ ಧೈರ್ಯ,” ಎಂದು ಚಪ್ಪಾಳೆ ತಟ್ಟಿದರು. ಉಳಿದವರೂ ತಟ್ಟಿದರು. ಒಬ್ಬರು ಮರದ ತುಂಡನ್ನು ಅಕ್ಕನ ಕೈಗೆ ಕೊಟ್ಟು, “ಹೀಗೆ ಹಿಡ್ಕೊಳ್ಳಿ, ಒಂದು ಫೋಟೋ. ಕಂಪನಿಯ ವರ್ಷದ ಪುಸ್ತಕದಲ್ಲಿ ಹಾಕಿಸೋಣ,” ಎಂದರು.

“ಹಿಡಿಯಲ್ಲ,” ಎಂದು ಅಕ್ಕ ತುಂಡನ್ನು ಮತ್ತೆ ಅದರ ಜಾಗದಲ್ಲಿಟ್ಟಳು. “ಇದನ್ನ ಬರೆದೋರು ನಿಮ್ಮ ಪುಸ್ತಕಕ್ಕೆ ಬರೆದದ್ದಲ್ಲ. ನೋಡಿದ್ದಾಯ್ತಲ್ಲ, ಆಚೆ ನಡೀರಿ. ಶೆಡ್ಡು ಮುಚ್ಬೇಕು.”

ಅವರಿಗೆ ಅದೂ ತಮಾಷೆಯಾಗಿಯೇ ಕಂಡಿತು. ನಗುತ್ತಲೇ ಹೊರಟರು. ಹೊಡೆದರೆ ತಿರುಗಿ ಹೊಡೆಯಬಹುದು, ಬೈದರೆ ಬೈಯಬಹುದು. ಚಪ್ಪಾಳೆ ತಟ್ಟಿದವರನ್ನು ಏನು ಮಾಡುವುದು?

ಒಬ್ಬಳೇ ಉಳಿದಾಗ ಅಕ್ಕ ಮುಂದಿನ ಪೆಟ್ಟಿಗೆಯಿಂದ ತಂದಿದ್ದ ಕಲ್ಲನ್ನು ಅದರ ಜಾಗಕ್ಕೆ ಸೇರಿಸಿದಳು. ಮುಚ್ಚಳ ತಿರುಗಿಸಿ ಪೆನ್ಸಿಲ್ ತೆಗೆದುಕೊಂಡಳು. ಒಳಮೈಯ ಹಳೆಯ ಬರಹದ ಕೆಳಗೆ ನಿನ್ನೆಯ ತಾರೀಕು ಹಾಕಿ, ತನ್ನ ಹೆಸರು ಹಾಕಿ, “ಇಲ್ಲದ್ದನ್ನು ಇದೆ ಎಂದು ತೋರಿಸಲು ಕೂಡಿಸಿದೆ. ಒಂದು ತುದಿ ಉಜ್ಜಿದ್ದೇನೆ, ಅದು ಸರಿಹೋಗುವುದಿಲ್ಲ,” ಎಂದು ಬರೆದಳು. ಕಾರಣ ಎನ್ನುವ ಕಡೆ ತಮ್ಮನ ಹೆಸರು ಬರೆಯಹೋಗಿ ಕೈ ನಿಂತಿತು. ಆಮೇಲೆ ಬೀಗ ಹಾಕಿ, ಆ ಬೀಗವನ್ನು ಬೈಯದೆ, ಪಂಪಿನ ಮನೆಗೆ ಓಡಿದಳು. ಐದು ಗಂಟೆಗೆ ಇನ್ನೂ ಹತ್ತು ನಿಮಿಷವಿತ್ತು.

ತಮ್ಮ ಯಂತ್ರದ ಪಕ್ಕ ಕೂತು ಎಣ್ಣೆ ಡಬ್ಬಿ ಒರೆಸುತ್ತಿದ್ದ.

“ಗಾಜಿನ ಕಾರ್ಖಾನೆಗೆ ಫೋನ್ ಮಾಡು. ಬರ್ತೀನಿ ಅನ್ನು. ಈಗಲೇ ಮಾಡು!”

“ಯಾಕಕ್ಕಾ, ಏನಾಯ್ತು?” ತಮ್ಮ ಎದ್ದು ನಿಂತ. “ಬೆಳಿಗ್ಗೇನೇ ಫೋನ್ ಮಾಡಿ ಬರಲ್ಲ ಅಂದುಬಿಟ್ಟೆನಲ್ಲ. ನೀನೇ ಹೇಳಿದ್ಯಲ್ಲ ಅಂತ.”

ಅಕ್ಕ ಅವನ ಕೈಯಿಂದ ಫೋನು ಕಿತ್ತುಕೊಂಡು ತಾನೇ ಮಾಡಿದಳು. ಆ ಕಡೆಯಿಂದ ಮಾತಾಡಿದವನು ಒಳ್ಳೆಯವನೇ. ಬೆಳಿಗ್ಗೆ ಬೇಡ ಅಂದಿರಲ್ಲಮ್ಮ, ಮಧ್ಯಾಹ್ನ ಇನ್ನೊಬ್ಬರಿಗೆ ಕೊಟ್ಟುಬಿಟ್ಟೆವು ಎಂದ. ಅಕ್ಕ ಬೇಡಿಕೊಂಡಳು. ಅವನಿಗೂ ಪಾಪ ಅನ್ನಿಸಿರಬೇಕು, “ಹೆಸರು ಹೇಳಿ, ಪಟ್ಟಿಯಲ್ಲಿ ಬರ್ಕೊಂಡಿರ್ತೀವಿ,” ಎಂದ.

ಪಟ್ಟಿ! ಅಕ್ಕ ಫೋನನ್ನು ಗೋಡೆಗೆ ಎಸೆಯಲಿಲ್ಲ, ಅದು ತಮ್ಮನದು ಎಂಬ ಒಂದೇ ಕಾರಣಕ್ಕೆ. “ನಾನು ಹಾಳು ಮಾಡ್ದೆ ಕಣೋ. ಆ ಬಾಯಿಬಡುಕರ ಮಾತು ಕೇಳಿ ನಿನ್ನ ಬಾಳು ಹಾಳು ಮಾಡ್ದೆ. ಅವರು ಅಗೆಯಲ್ಲ. ಯಾವತ್ತೂ ಅಗೆಯಲ್ಲ,” ಎಂದು ಅಳುತ್ತ ಕೂತುಬಿಟ್ಟಳು.

ತಮ್ಮ ಅವಳ ಪಕ್ಕದಲ್ಲಿ ಕೂತ. ಅಕ್ಕ ಅಳುವುದನ್ನು ಅವನು ಭಾವನ ಸಾವಿನಲ್ಲಿ ಬಿಟ್ಟರೆ ನೋಡಿದವನಲ್ಲ. ಅವಳ ಬೆನ್ನ ಮೇಲೆ ಕೈಯಿಟ್ಟು, ಚಿಕ್ಕವರಿಗೆ ಹೇಳುವ ಹಾಗೆ ಹೇಳಿದ, “ಅಳ್ಬೇಡ ಬಿಡು. ಗಾಜು ಹೋದ್ರೆ ಹೋಯ್ತು. ನನಗೆ ಪಂಪ್ ಇದೆಯಲ್ಲಕ್ಕಾ.”

ಹೇಳದೆ ಇರಬಹುದಿತ್ತು. ತಿಂಗಳ ಕೊನೆಗೆ ಇನ್ನೂ ಹನ್ನೊಂದು ದಿನವಿತ್ತು. ಹನ್ನೊಂದು ದಿನ ಅವನು ನೆಮ್ಮದಿಯಾಗಿ ನಿದ್ದೆ ಮಾಡುತ್ತಿದ್ದ. ಆದರೆ ಇಲ್ಲದ್ದನ್ನು ಇದೆ ಎಂದು ತೋರಿಸುವ ಕೆಲಸವನ್ನು ಅಕ್ಕ ಒಂದು ಸಲ ಮಾಡಿ ಆಗಿತ್ತು.

“ಪಂಪೂ ನಿಲ್ಲಿಸ್ತಾರೆ ಕಣೋ. ತಿಂಗಳ ಕೊನೆಗೆ.”

ತಮ್ಮ ಅವಳ ಮುಖವನ್ನೇ ನೋಡಿದ. ಯಂತ್ರ ತನ್ನ ಪಾಡಿಗೆ ತಾನು ಬಡಿದುಕೊಳ್ಳುತ್ತಿತ್ತು. ಆಮೇಲೆ ಅವನು ಎದ್ದು, ಎಣ್ಣೆ ಡಬ್ಬಿ ತೆಗೆದುಕೊಂಡು, ಯಂತ್ರದ ಹತ್ತಿರ ಹೋಗಿ ಬಗ್ಗಿದ.

“ಈಗ್ಯಾಕೋ ಅದಕ್ಕೆ ಎಣ್ಣೆ?” ಎಂದಳು ಅಕ್ಕ.

“ಐದು ಗಂಟೆ ಆಯ್ತಲ್ಲಕ್ಕಾ,” ಎಂದ ತಮ್ಮ.